ಪಂಪ್‌ಸೆಟ್ ಕಂಟ್ರೋಲರ್‌ಗೊಂದು ಡಬ್ಬಿ: ಸ್ಕೆಚ್ಚಿನಿಂದ ಮೋಲ್ಡಿನವರೆಗೆ

ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದರೆ, ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ ಮೋಟರ್ ಹಾಕುವ ಕಷ್ಟ ರೈತರಿಗೆ ಚೆನ್ನಾಗಿ ಗೊತ್ತು. ಅದನ್ನು ತಪ್ಪಿಸೋದು ಮೊಬೈಲ್ ಸ್ಟಾರ್ಟರ್, ಅಂದರೆ ಫೋನಿನಿಂದಲೇ ಮೋಟರ್ ಹಾಕಿ ಆರಿಸುವ ಕಂಟ್ರೋಲರ್. ಇಂಥ ಕಂಟ್ರೋಲರ್ ತಯಾರಿಸಲು ಹೊರಟ ಚಿಕ್ಕ ಕಂಪನಿಗಳೂ ಕಾಲೇಜು ತಂಡಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಬೋರ್ಡ್ ಮೇಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದೂರು ಶುರುವಾಗುತ್ತೆ: ಒಳಗೆ ನೀರು ಬಂದಿದೆ, ಮುಚ್ಚಳ ಬಿರುಕು ಬಿಟ್ಟಿದೆ, ರಿಲೇಯಲ್ಲಿ ಇರುವೆ ಸೇರಿಕೊಂಡಿದೆ. ಇವೆಲ್ಲ ಡಬ್ಬಿಯ ತೊಂದರೆಗಳು.

ಎಲೆಕ್ಟ್ರಾನಿಕ್ಸ್ ಬಲ್ಲ, ಆದರೆ ಪ್ಲಾಸ್ಟಿಕ್ ಡಬ್ಬಿಯನ್ನು ಹಿಂದೆ ಯಾವತ್ತೂ ಮಾಡಿಸದ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಸ್ತು ಯಾವುದು, ಅದನ್ನು ಯಾವ ವಿಧಾನದಲ್ಲಿ ತಯಾರಿಸುತ್ತೀರಿ, ಆಕಾರ ಹೇಗಿರಬೇಕು, ಈ ಮೂರನ್ನೂ ಮೊದಲ ದಿನವೇ ಒಟ್ಟಿಗೆ ಕೂತು ನಿರ್ಧರಿಸಬೇಕು. ಚಂದದ ಆಕಾರ ಮೊದಲು ಬರೆದು, ಪ್ಲಾಸ್ಟಿಕ್ ಯಾವುದೆಂದು ಆಮೇಲೆ ನೋಡಿಕೊಂಡರಾಯ್ತು ಅಂದರೆ ಖರ್ಚು ಎರಡು ಪಟ್ಟಾಗುತ್ತೆ.

ಹೆಜ್ಜೆ 1: ಡಬ್ಬಿ ಏನೇನು ತಡೆದುಕೊಳ್ಳಬೇಕು ಅಂತ ಬರೆದಿಡಿ

ಒಂದು ಹಾಳೆ ಸಾಕು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತೆ. ಬಿಸಿಲಿಗೆ ಇಟ್ಟ ಕಪ್ಪು ಡಬ್ಬಿಯ ಒಳಗೆ 60 ಡಿಗ್ರಿ ದಾಟುವುದು ಸಹಜ. ಹಾಗಾಗಿ ತಿಳಿ ಬೂದು ಅಥವಾ ಬಿಳಿ ಬಣ್ಣ ಅಂತ ಇಲ್ಲೇ ಬರೆದುಬಿಡಿ. ಬಣ್ಣಕ್ಕೆ ಜಾಸ್ತಿ ಖರ್ಚಿಲ್ಲ, ಉಪಯೋಗ ಮಾತ್ರ ದೊಡ್ಡದು.

ನೀರು, ಧೂಳಿಗೆ ಐಪಿ ರೇಟಿಂಗ್ ನೋಡಿ. ಐಪಿ65 ಅಂದರೆ 6 ಧೂಳಿಗೆ, 5 ನೀರಿಗೆ: ಧೂಳು ಒಳಗೆ ಹೋಗೋದೇ ಇಲ್ಲ, ಎಲ್ಲ ದಿಕ್ಕಿನಿಂದ ಪೈಪಿನ ನೀರು ಹೊಡೆದರೂ ತೊಂದರೆಯಾಗಲ್ಲ. ಐಪಿ67 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಸರಿ. ಪಂಪ್‌ಹೌಸ್ ಗೋಡೆಯ ಡಬ್ಬಿಗೆ ಐಪಿ65 ಸಾಕು.

ಇನ್ನೆರಡು ಸಾಲು ಸೇರಿಸಿ. ಒಳಗೆ 415 ವೋಲ್ಟ್ ಇದೆ, ಆದ್ದರಿಂದ ಪ್ಲಾಸ್ಟಿಕ್ ಬೆಂಕಿ ಹರಡುವಂಥದ್ದಾಗಿರಬಾರದು. ಸಿಮ್ ಇದೆ, ಆಂಟೆನಾ ಇದೆ, ಆದ್ದರಿಂದ ಕಬ್ಬಿಣ, ಅಲ್ಯುಮಿನಿಯಂ ಡಬ್ಬಿ ಬೇಡ. ಲೋಹದೊಳಗೆ ಸಿಗ್ನಲ್ ಸಾಯುತ್ತೆ.

ಕೊನೆಯ ಸಾಲು, ವರ್ಷಕ್ಕೆ ಎಷ್ಟು ಡಬ್ಬಿ ಬೇಕು? ಬರೀ ಇನ್ನೂರು ಮುನ್ನೂರು ಅಂತಾದರೆ ಮೋಲ್ಡ್, ಅಂದರೆ ಡಬ್ಬಿ ಅಚ್ಚು ಹಾಕುವ ಲೋಹದ ಅಚ್ಚು, ಮಾಡಿಸಬೇಡಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಸಿಗುವ ರೆಡಿಮೇಡ್ ಐಪಿ65 ಡಬ್ಬಿ ತನ್ನಿ, ತೂತು ಕೊರೆಸಿ, ಸ್ಟಿಕರ್ ಅಂಟಿಸಿ, ಬೋರ್ಡನ್ನು ಅದರ ಅಳತೆಗೆ ಹೊಂದಿಸಿ. ಅದರಲ್ಲಿ ಯಾವ ಅವಮಾನವೂ ಇಲ್ಲ. ಸಾವಿರಗಳ ಲೆಕ್ಕ ಇದ್ದರೆ ಮುಂದೆ ಓದಿ.

ಹೆಜ್ಜೆ 2: ಪ್ಲಾಸ್ಟಿಕ್ ಆರಿಸಿ

ಎಬಿಎಸ್ ಎಲ್ಲರಿಗೂ ಪರಿಚಯದ್ದು. ಅಗ್ಗ, ನೋಟ ಚೆನ್ನಾಗಿ ಬರುತ್ತೆ, ಮೋಲ್ಡ್ ಮಾಡುವುದು ಸುಲಭ. ಆದರೆ ಅದರೊಳಗಿನ ಬ್ಯುಟಡೈಯೀನ್ ರಬ್ಬರ್ ಬಿಸಿಲಿಗೆ ಕೆಡುತ್ತೆ, ಡಬ್ಬಿ ಹಳದಿಯಾಗಿ ಆಮೇಲೆ ಪೆಡಸಾಗುತ್ತೆ. ಮನೆಯೊಳಗಿನ ಸಾಮಾನಿಗೆ ಸರಿ, ಹೊಲಕ್ಕೆ ಬೇಡ. ಆ ರಬ್ಬರಿನ ಬದಲು ಅಕ್ರಿಲಿಕ್ ಜಾತಿಯ ರಬ್ಬರ್ ಹಾಕಿದರೆ ಸಿಗೋದು ಎಎಸ್‌ಎ. ಗುಣ ಎಬಿಎಸ್‌ನದ್ದೇ, ಬಿಸಿಲಿಗೆ ಬಾಳಿಕೆ ಜಾಸ್ತಿ. ಪಾಲಿಪ್ರೊಪಿಲೀನ್ ಇನ್ನೂ ಅಗ್ಗ, ರಾಸಾಯನಿಕಗಳಿಗೆ ಜಗ್ಗಲ್ಲ. ಆದರೆ ತಣ್ಣಗಾಗುವಾಗ ತುಂಬಾ ಕುಗ್ಗುತ್ತೆ, ಸೊಟ್ಟಗಾಗುತ್ತೆ. ನೀರು ತಡೆಯುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಕೂರಬೇಕಾದ ಅಂಚು ಸೊಟ್ಟಗಾದರೆ ಕತೆ ಮುಗೀತು.

ಈ ಕೆಲಸಕ್ಕೆ ನನ್ನ ಆಯ್ಕೆ ಪಾಲಿಕಾರ್ಬೊನೇಟ್. ದುಬಾರಿ, ನಿಜ. ಆದರೆ ಬಿದ್ದರೆ ಒಡೆಯಲ್ಲ, 100 ಡಿಗ್ರಿ ದಾಟಿದರೂ ಮೆತ್ತಗಾಗಲ್ಲ, ಅದೇ ಜಾತಿಯಲ್ಲಿ ಪಾರದರ್ಶಕ ಮುಚ್ಚಳವೂ ಸಿಗುತ್ತೆ. ಅಂಗಡಿಯಲ್ಲಿ ಸುಮ್ನೆ ‘ಪಿಸಿ ಕೊಡಿ’ ಅನ್ನಬೇಡಿ. ಗ್ರೇಡ್ ಹೆಸರು ಕೇಳಿ, ಅದರ ಡೇಟಾಶೀಟ್ ತರಿಸಿಕೊಳ್ಳಿ, ಎರಡು ವಿಷಯ ನೋಡಿ. ಒಂದು ಯುಎಲ್94 ವಿ-0. ಬೆಂಕಿ ತಗುಲಿಸಿ ತೆಗೆದರೆ ಹತ್ತು ಸೆಕೆಂಡಿನೊಳಗೆ ತಾನಾಗಿ ಆರಬೇಕು, ಉರಿಯುವ ಹನಿ ಬೀಳಬಾರದು ಎಂಬ ಮಟ್ಟ ಅದು. ಅದು ಎಷ್ಟು ದಪ್ಪಕ್ಕೆ ಸಿಕ್ಕಿದ್ದು ಅಂತಲೂ ಓದಿ. 3 ಮಿ.ಮೀ. ದಪ್ಪಕ್ಕೆ ವಿ-0 ಸಿಕ್ಕ ಗ್ರೇಡು 1.5 ಮಿ.ಮೀ. ಗೋಡೆಗೆ ವಿ-0 ಆಗಿರಲೇಬೇಕಿಲ್ಲ. ಇನ್ನೊಂದು ಎಫ್1. ಬಿಸಿಲು, ನೀರು ಎರಡನ್ನೂ ತಡೆಯುತ್ತೆ ಎಂಬುದಕ್ಕೆ ಅದು ಗುರುತು.

ಪಾಲಿಕಾರ್ಬೊನೇಟ್‌ಗೆ ಒಂದು ದೌರ್ಬಲ್ಯ ಇದೆ. ಅದರ ಮೈಮೇಲೆ ತೇವ, ಕೊಳೆ ಕೂತಾಗ ಕರೆಂಟ್ ಹರಿದು ಕರಕಲು ದಾರಿ ಮಾಡಿಕೊಳ್ಳುವುದು ಬೇರೆ ಕೆಲವು ಪ್ಲಾಸ್ಟಿಕ್‌ಗಳಿಗಿಂತ ಬೇಗ. ಅದಕ್ಕೇ 415 ವೋಲ್ಟಿನ ಲೋಹದ ತುದಿಗಳನ್ನು ಡಬ್ಬಿಯ ಮೈಗೇ ಕೂರಿಸಬೇಡಿ. ನೈಲಾನಿನ ಟರ್ಮಿನಲ್ ಬ್ಲಾಕ್ ಬಳಸಿ. ಫೇಸ್‌ಗಳ ನಡುವೆ ಎಷ್ಟು ಅಂತರ ಬೇಕೆಂದು ಎಲೆಕ್ಟ್ರಿಕಲ್ ಸ್ಟ್ಯಾಂಡರ್ಡ್ ಗೊತ್ತಿರುವ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ. ಇದು ಜೀವದ ಪ್ರಶ್ನೆ, ಅಂದಾಜಿನ ಮೇಲೆ ಬಿಡುವಂಥದ್ದಲ್ಲ.

ಹೆಜ್ಜೆ 3: ಅಳತೆ ತೆಗೆಯಿರಿ, ಮಾಡೆಲ್ ಶುರು ಮಾಡಿ

ಬೋರ್ಡನ್ನು ಕೈಕ್ಯಾಡ್ ಎಂಬ ಸರ್ಕ್ಯೂಟ್ ಡಿಸೈನ್ ಸಾಫ್ಟ್‌ವೇರಿನಲ್ಲಿ ಬಿಡಿಸಿದ್ದರೆ ಅಲ್ಲಿಂದಲೇ ಅದರ 3ಡಿ ಆಕಾರದ ಸ್ಟೆಪ್ ಫೈಲ್ ತೆಗೆಯಬಹುದು. ಅದನ್ನು ಕ್ಯಾಡ್‌ಗೆ ತಂದರೆ ಕೆಪಾಸಿಟರ್, ರಿಲೇ ಎಲ್ಲದರ ಎತ್ತರ ಕಣ್ಣೆದುರೇ ಇರುತ್ತೆ. ಆದರೂ ಡಿಜಿಟಲ್ ವರ್ನಿಯರ್ ಹಿಡಿದು ನಿಜವಾದ ಬೋರ್ಡನ್ನು ಒಮ್ಮೆ ಅಳೆಯಿರಿ. ಸೋಲ್ಡರ್ ಮಾಡಿದ ಮೇಲೆ ಕೆಳಗೆ ಚಾಚುವ ಪಿನ್ನುಗಳು, ವೈರ್ ಸಿಕ್ಕಿಸಿದ ಮೇಲೆ ಕನೆಕ್ಟರ್ ಮುಂದೆ ಬೇಕಾಗುವ ಜಾಗ, ಇವು ಫೈಲಿನಲ್ಲಿ ಇರಲ್ಲ. ತ್ರೀ ಫೇಸ್ ವೈರ್ ದಪ್ಪ, ಸುಲಭಕ್ಕೆ ಬಾಗಲ್ಲ. ಎಲೆಕ್ಟ್ರಿಷಿಯನ್ ಕೈ, ಸ್ಕ್ರೂಡ್ರೈವರ್ ಎರಡೂ ಒಳಗೆ ಹೋಗುವಷ್ಟು ಜಾಗ ಬಿಡಿ.

ಕ್ಯಾಡ್ ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಫ್ರೀಕ್ಯಾಡ್ ಪೂರ್ತಿ ಉಚಿತ, 2024ರಲ್ಲಿ ಅದರ 1.0 ಆವೃತ್ತಿ ಬಂದ ಮೇಲೆ ಕೆಲಸ ಎಷ್ಟೋ ಸಲೀಸಾಗಿದೆ. ಆನ್‌ಶೇಪ್ ಬ್ರೌಸರಿನಲ್ಲೇ ನಡೆಯುತ್ತೆ, ಆದರೆ ಉಚಿತ ಖಾತೆಯಲ್ಲಿ ನಿಮ್ಮ ಫೈಲು ಎಲ್ಲರಿಗೂ ಕಾಣುತ್ತೆ. ಮೋಲ್ಡ್ ಮಾಡಿಕೊಡುವ ಟೂಲ್‌ರೂಮಿನವರು ಹೆಚ್ಚಾಗಿ ಸಾಲಿಡ್‌ವರ್ಕ್ಸ್, ಕ್ರಿಯೋ, ಎನ್‌ಎಕ್ಸ್ ಬಳಸುತ್ತಾರೆ. ನೀವು ಸ್ಟೆಪ್ ಫೈಲ್ ಕೊಟ್ಟರೆ ಯಾರ ಹತ್ತಿರವೂ ತೆರೆಯುತ್ತೆ.

ಹೆಜ್ಜೆ 4: ಮೋಲ್ಡಿನಿಂದ ಹೊರಬರುವ ಆಕಾರ ಕೊಡಿ

ಕರಗಿದ ಪ್ಲಾಸ್ಟಿಕ್ ಉಕ್ಕಿನ ಎರಡು ಅರ್ಧಗಳ ನಡುವೆ ತುಂಬಿ, ತಣ್ಣಗಾಗಿ, ಕುಗ್ಗಿ, ಒಳಗಿನ ಉಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಅದನ್ನು ಎಜೆಕ್ಟರ್ ಪಿನ್ನುಗಳು ತಳ್ಳಿ ಹೊರಹಾಕಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಳಗಿನ ನಿಯಮಗಳು ತಾವಾಗಿ ಅರ್ಥವಾಗುತ್ತವೆ.

ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರಲಿ. ಈ ಡಬ್ಬಿಗೆ 2.5 ಮಿ.ಮೀ. ಸಾಕು. ಗಟ್ಟಿ ಬೇಕು ಅಂತ ಗೋಡೆಯನ್ನು 5 ಮಿ.ಮೀ. ಮಾಡಿದರೆ ಒಳಭಾಗ ನಿಧಾನಕ್ಕೆ ತಣ್ಣಗಾಗಿ ಮೇಲ್ಮೈ ಒಳಕ್ಕೆ ಕುಸಿಯುತ್ತೆ. ಅದಕ್ಕೆ ಸಿಂಕ್ ಮಾರ್ಕ್ ಅನ್ನುತ್ತಾರೆ. ಗಟ್ಟಿತನಕ್ಕೆ ಒಳಬದಿಯಲ್ಲಿ ತೆಳು ಏಣು, ಅಂದರೆ ರಿಬ್ ಕೊಡಿ, ರಿಬ್ಬಿನ ದಪ್ಪ ಗೋಡೆಯ 50ರಿಂದ 60 ಶೇಕಡಾ ಮೀರದಿರಲಿ.

ಮೋಲ್ಡ್ ತೆರೆಯುವ ದಿಕ್ಕಿನಲ್ಲಿರುವ ಪ್ರತಿ ಗೋಡೆಗೂ ಕನಿಷ್ಠ 1 ಡಿಗ್ರಿ ಓರೆ ಕೊಡಿ. ಹೊರಮೈ ತರಿತರಿ ಟೆಕ್ಸ್ಚರ್ ಇದ್ದರೆ 3 ಡಿಗ್ರಿ. ಇದನ್ನು ಡ್ರಾಫ್ಟ್ ಅನ್ನುತ್ತಾರೆ. ಮಾಡೆಲ್ ಮುಗಿಸಿದ ಮೇಲೆ ಕೊಡೋಣ ಅಂದುಕೊಂಡರೆ ಒಳಗಿನ ಅಳತೆ ಎಲ್ಲ ಬದಲಾಗುತ್ತೆ. ಶುರುವಿನಲ್ಲೇ ಕೊಡಿ.

ಒಳಗಿನ ಮೂಲೆಗಳು ಚೂಪಾಗಿರಬಾರದು. ಗೋಡೆಯ ದಪ್ಪದ ಅರ್ಧದಷ್ಟಾದರೂ ದುಂಡಗಿರಲಿ. ಪಾಲಿಕಾರ್ಬೊನೇಟ್ ಎಷ್ಟೇ ಗಟ್ಟಿಯಾಗಿದ್ದರೂ ಚೂಪು ಮೂಲೆಯಿಂದ ಬಿರುಕು ಬಿಡುತ್ತೆ.

ಸ್ಕ್ರೂ ಕೂರುವ ಕಂಬಕ್ಕೆ ಬಾಸ್ ಅನ್ನುತ್ತಾರೆ. ಅದನ್ನು ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ, ಅಲ್ಲಿ ದಪ್ಪ ಜಾಸ್ತಿಯಾಗಿ ಹೊರಗೆ ಗುಳಿ ಬೀಳುತ್ತೆ. ಸ್ವಲ್ಪ ಒಳಕ್ಕೆ ನಿಲ್ಲಿಸಿ, ತೆಳು ರಿಬ್ಬಿನಿಂದ ಗೋಡೆಗೆ ಸೇರಿಸಿ. ಬಾಸಿನ ಹೊರ ವ್ಯಾಸ ಸ್ಕ್ರೂ ವ್ಯಾಸದ ಸುಮಾರು ಎರಡರಷ್ಟಿರಲಿ. ಬೋರ್ಡ್ ಹಿಡಿಯಲು ಪ್ಲಾಸ್ಟಿಕ್‌ಗೆಂದೇ ಮಾಡಿದ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ನಡೆಯುತ್ತೆ. ಆದರೆ ಮುಚ್ಚಳವನ್ನು ಮೆಕ್ಯಾನಿಕ್ ಪದೇ ಪದೇ ಬಿಚ್ಚುತ್ತಾನೆ, ಆದ್ದರಿಂದ ಅಲ್ಲಿ ಒಳಗೆ ಥ್ರೆಡ್ ಇರುವ ಹಿತ್ತಾಳೆಯ ಇನ್ಸರ್ಟ್ ಹಾಕಿ. ಸ್ಕ್ರೂ ಇಲ್ಲದೆ ಕೊಂಡಿ ಸಿಕ್ಕಿಸಿ ಮುಚ್ಚುವ ಸ್ನ್ಯಾಪ್ ಫಿಟ್ ಈ ಡಬ್ಬಿಗೆ ಬೇಡ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕೊಂಡಿ ಗ್ಯಾಸ್ಕೆಟ್ಟನ್ನು ಒತ್ತಿ ಹಿಡಿದಿರುತ್ತೆ ಅಂತ ನಂಬೋಕಾಗಲ್ಲ.

ಹೆಜ್ಜೆ 5: ನೀರು ಒಳಗೆ ಬರುವ ದಾರಿ ಮುಚ್ಚಿ, ಗಾಳಿಗೆ ದಾರಿ ಬಿಡಿ

ಹೊಲದ ಡಬ್ಬಿಗಳು ಹೆಚ್ಚಾಗಿ ಸಾಯೋದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮುಚ್ಚಳದ ಸುತ್ತ ಗ್ಯಾಸ್ಕೆಟ್ಟಿಗಾಗಿ 3 ಮಿ.ಮೀ. ಸಿಲಿಕೋನ್ ರಬ್ಬರ್ ದಾರ ಕೂರುವ ಕಾಲುವೆ ಕೊಡಿ. ಮುಚ್ಚಿದಾಗ ದಾರ ಕಾಲು ಭಾಗದಷ್ಟು ಒತ್ತಿಕೊಳ್ಳಬೇಕು. ರಬ್ಬರ್ ಒತ್ತಿದರೆ ಅದರ ಗಾತ್ರ ಕಡಿಮೆಯಾಗಲ್ಲ, ಅದು ಪಕ್ಕಕ್ಕೆ ಹರಡುತ್ತೆ ಅಷ್ಟೆ. ಹಾಗಾಗಿ ಕಾಲುವೆಯ ಅಗಲ ದಾರಕ್ಕಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಎಷ್ಟು ಬಿಗಿ ಮಾಡಿದರೂ ಮುಚ್ಚಳ ಕೂರಲ್ಲ. ಸ್ಕ್ರೂಗಳು ಗ್ಯಾಸ್ಕೆಟ್ಟಿನ ಹೊರಗಿರಬೇಕು. ಒಳಗಿದ್ದರೆ ಸ್ಕ್ರೂ ತೂತಿನಿಂದಲೇ ನೀರು ಇಳಿಯುತ್ತೆ. ಉದ್ದ ಬದಿಯಲ್ಲಿ ಎರಡೇ ಸ್ಕ್ರೂ ಇದ್ದರೆ ನಡುವೆ ಮುಚ್ಚಳ ಉಬ್ಬುತ್ತೆ, ಅಲ್ಲೊಂದು ಸ್ಕ್ರೂ ಸೇರಿಸಿ.

ವೈರುಗಳು ಕೆಳಗಿನಿಂದಲೇ ಬರಲಿ, ಕೇಬಲ್ಲನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಕೇಬಲ್ ಗ್ಲ್ಯಾಂಡ್ ಮೂಲಕ. ಒಂದು ಗ್ಲ್ಯಾಂಡಿಗೆ ಒಂದೇ ದುಂಡು ಕೇಬಲ್. ಮೂರು ಬಿಡಿ ವೈರು ತುರುಕಿದರೆ ನಡುವಿನ ಸಂದಿಯಿಂದ ಇರುವೆ ಬರುತ್ತೆ, ಹಿಂದೆಯೇ ತೇವ ಬರುತ್ತೆ. ಬಳಸದ ತೂತಿಗೆ ಬಿರಡೆಯನ್ನು ಡಬ್ಬಿಯ ಜೊತೆಗೇ ಕೊಡಿ. ಕೊಡದಿದ್ದರೆ ಆ ತೂತು ತೆರೆದೇ ಇರುತ್ತೆ, ಹಲ್ಲಿ ಒಳಗೆ ಹೋಗುತ್ತೆ. ಫೇಸ್‌ಗಳ ಮಧ್ಯೆ ಸಿಕ್ಕಿ ಸತ್ತ ಹಲ್ಲಿಯನ್ನು ಹಳ್ಳಿಯ ಯಾವ ಮೋಟರ್ ಮೆಕ್ಯಾನಿಕ್ಕಾದರೂ ನೋಡಿಯೇ ಇರುತ್ತಾನೆ.

ಇಷ್ಟೆಲ್ಲ ಬಿಗಿ ಮಾಡಿದ ಡಬ್ಬಿಯೊಳಗೂ ನೀರು ಸಿಗುತ್ತೆ. ಯಾಕೆ? ಮಧ್ಯಾಹ್ನ ಡಬ್ಬಿಯೊಳಗಿನ ಗಾಳಿ 65 ಡಿಗ್ರಿಗೆ ಕಾದು, ಹೇಗೋ ಸಂದಿಯಿಂದ ಸ್ವಲ್ಪ ಹೊರಗೆ ಹೋಗಿರುತ್ತೆ. ಸಂಜೆ ದಿಢೀರ್ ಮಳೆ ಬಂದು ಡಬ್ಬಿ 25 ಡಿಗ್ರಿಗೆ ಇಳಿಯುತ್ತೆ. ಬಿಸಿ ನೀರು ಹಾಕಿ ಮುಚ್ಚಿಟ್ಟ ಬಾಟಲಿ ತಣ್ಣಗಾದಾಗ ಒಳಕ್ಕೆ ಎಳೆದುಕೊಳ್ಳುತ್ತಲ್ವಾ, ಹಾಗೆ. ಲೆಕ್ಕ ಹಾಕಿದರೆ ಒಳಗಿನ ಒತ್ತಡ ಸುಮಾರು 12 ಶೇಕಡಾ ಇಳಿಯುತ್ತೆ. ಅಷ್ಟು ಎಳೆತ 1.2 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಅಂದರೆ ಗೋಡೆಗೆ ನೇತುಹಾಕಿದ ಡಬ್ಬಿ, ಐಪಿ67 ಪರೀಕ್ಷೆಯ ಆಳಕ್ಕಿಂತ ಕೆಳಗೆ ಮುಳುಗಿಸಿದಷ್ಟೇ ಜೋರಾಗಿ ಮಳೆನೀರನ್ನು ಒಳಕ್ಕೆ ಹೀರುತ್ತೆ.

ಪರಿಹಾರ ಚಿಕ್ಕದು. ತಳಭಾಗದಲ್ಲಿ ಒಂದು ಬ್ರೀದರ್ ವೆಂಟ್ ಹಾಕಿ. ಅದರೊಳಗೆ ಹಿಗ್ಗಿಸಿದ ಪಿಟಿಎಫ್‌ಇ (ಟೆಫ್ಲಾನ್) ಪೊರೆ ಇರುತ್ತೆ. ಗಾಳಿ ಓಡಾಡುತ್ತೆ, ನೀರಿನ ಹನಿ ದಾಟಲ್ಲ. 1969ರಲ್ಲಿ ಬಾಬ್ ಗೋರ್ ಕಂಡುಹಿಡಿದ ಇದೇ ವಸ್ತು ಮಳೆ ಜಾಕೆಟ್‌ಗಳಲ್ಲೂ ಇದೆ. ಗ್ಲ್ಯಾಂಡಿನಂತೆ ತಿರುಗಿಸಿ ಕೂರಿಸುವ ವೆಂಟ್‌ಗಳು ಅಂಗಡಿಯಲ್ಲೇ ಸಿಗುತ್ತವೆ. ದುಡ್ಡು ಉಳಿಸಲು ಇದನ್ನು ಕೈಬಿಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಹೆಜ್ಜೆ 6: ಮೊದಲು ಕಾಗದ, ಆಮೇಲೆ ಪ್ರಿಂಟ್

ಡ್ರಾಯಿಂಗನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ಹಾಕಿ ಬೋರ್ಡ್ ಇಟ್ಟು ನೋಡಿ. ತೂತುಗಳ ತಪ್ಪು ಐದು ನಿಮಿಷದಲ್ಲಿ ಸಿಗುತ್ತೆ.

ಆಮೇಲೆ 3ಡಿ ಪ್ರಿಂಟ್. ದಾರ ಕರಗಿಸಿ ಪದರ ಪದರವಾಗಿ ಹಾಕುವ ಎಫ್‌ಡಿಎಂ ಪ್ರಿಂಟರ್ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಅಗ್ಗವಾಯಿತು, ಈಗ ಊರೂರಿನಲ್ಲಿದೆ. ಹೊಂದಾಣಿಕೆ ನೋಡಲು ಅದು ಧಾರಾಳ ಸಾಕು. ಈ ಪ್ರಿಂಟರಿಗೆ ಸಾಮಾನ್ಯವಾಗಿ ಹಾಕುವ ಪ್ಲಾಸ್ಟಿಕ್ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತೆ, ಆದ್ದರಿಂದ ಬಿಸಿಲಿಗೆ ಇಡುವ ಮಾದರಿಯನ್ನು ಎಎಸ್‌ಎಯಲ್ಲಿ ಹಾಕಿಸಿ. ಪದರಗಳ ನಡುವಿನಿಂದ ನೀರು ಜಿನುಗುವುದರಿಂದ ನೀರಿನ ಪರೀಕ್ಷೆಗೆ ಎಫ್‌ಡಿಎಂ ಮಾದರಿ ನಂಬಬೇಡಿ.

ಪ್ರಿಂಟ್ ಚೆನ್ನಾಗಿ ಬಂತು ಅಂದರೆ ಡಿಸೈನ್ ಮುಗಿಯಿತು ಅಂತ ತಿಳಿಯಬೇಡಿ. ಪ್ರಿಂಟರಿಗೆ ಡ್ರಾಫ್ಟ್ ಬೇಕಿಲ್ಲ, ದಪ್ಪ ಗೋಡೆಯೂ ತೊಂದರೆಯಿಲ್ಲ, ಕೊಕ್ಕೆ ಆಕಾರವೂ ಸಲೀಸು. ಮೋಲ್ಡಿಗೆ ಈ ಮೂರೂ ಆಗಿಬರಲ್ಲ.

ಹೊಲದಲ್ಲಿ ಪ್ರಯೋಗಕ್ಕೆ ಹತ್ತಿಪ್ಪತ್ತು ಡಬ್ಬಿ ಬೇಕಿದ್ದರೆ ವ್ಯಾಕ್ಯೂಮ್ ಕಾಸ್ಟಿಂಗ್ ಮಾಡಿಸಿ. ಒಂದು ನುಣುಪಾದ ಮಾದರಿಯ ಸುತ್ತ ಸಿಲಿಕೋನ್ ಅಚ್ಚು ಮಾಡಿ, ಅದರಲ್ಲಿ ಪಾಲಿಯುರೆಥೇನ್ ಎರೆಯುತ್ತಾರೆ. ಒಂದು ಅಚ್ಚಿನಿಂದ ಇಪ್ಪತ್ತರ ಆಸುಪಾಸು ಬರುತ್ತೆ. ಇವನ್ನು ಒಂದು ಬೇಸಿಗೆ, ಒಂದು ಮಳೆಗಾಲ ಹೊಲದಲ್ಲಿ ಬಿಡಿ. ಆತುರ ಬೇಡ.

ಹೆಜ್ಜೆ 7: ಟೂಲ್‌ರೂಮಿನವರ ಜೊತೆ ಕೂರಿ

ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರದಲ್ಲಿ ಮೋಲ್ಡ್ ಮಾಡುವವರು ತುಂಬಾ ಜನ ಇದ್ದಾರೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಕಲಿತವರು ಇವರಲ್ಲಿ ಬಹಳ. ಹಳೆಯ ಡೈ ಮೇಕರ್ ಒಬ್ಬರು ನಿಮ್ಮ ಮಾಡೆಲ್ ತಿರುಗಿಸಿ ನೋಡಿ ‘ಇಲ್ಲಿ ಸೈಡ್ ಕೋರ್ ಬೇಕಾಗುತ್ತೆ, ಈ ತೂತು ಕೆಳಗೆ ತಗೊಳ್ಳಿ’ ಅಂದರೆ ಕೇಳಿ. ಸೈಡ್ ಕೋರ್ ಅಂದರೆ ಪಕ್ಕದಿಂದ ಜಾರಿ ಬರುವ ಇನ್ನೊಂದು ಉಕ್ಕಿನ ತುಂಡು. ಅದಕ್ಕೆ ದುಡ್ಡೂ ಜಾಸ್ತಿ, ಮುಂದೆ ರಿಪೇರಿಯೂ ಜಾಸ್ತಿ.

ಅವರ ಜೊತೆ ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ: ಎರಡು ಅರ್ಧ ಸೇರುವ ಗೆರೆ ಎಲ್ಲಿ, ಪ್ಲಾಸ್ಟಿಕ್ ಒಳಬರುವ ಗೇಟ್ ಎಲ್ಲಿ, ಎಜೆಕ್ಟರ್ ಪಿನ್ ಗುರುತು ಎಲ್ಲಿ ಬೀಳುತ್ತೆ, ಹರಿದು ಬಂದ ಪ್ಲಾಸ್ಟಿಕ್ ಎಲ್ಲಿ ಸಂಧಿಸುತ್ತೆ. ಕೊನೆಯದಕ್ಕೆ ವೆಲ್ಡ್ ಲೈನ್ ಅನ್ನುತ್ತಾರೆ. ಅದು ದುರ್ಬಲ ಜಾಗ, ಸ್ಕ್ರೂ ಬಾಸಿನ ಮೇಲೆ ಬೀಳದಂತೆ ಗೇಟ್ ಇಡಿಸಿ. ಗ್ಯಾಸ್ಕೆಟ್ ಕಾಲುವೆಯ ಮೇಲೆ ಯಾವ ಗುರುತೂ ಬೀಳಬಾರದು.

ಮೋಲ್ಡಿಗೆ ಪಿ20 ಎಂಬ ಗ್ರೇಡಿನ ಉಕ್ಕು ಸಾಕು. ಕೆಲವೇ ಸಾವಿರ ಡಬ್ಬಿ ಅಂತಾದರೆ ಅಲ್ಯುಮಿನಿಯಂ ಮೋಲ್ಡ್ ಬಗ್ಗೆಯೂ ಕೇಳಿ.

ಮೋಲ್ಡ್ ಕೊರೆಯುವ ಮುಂಚೆ ಪ್ಲಾಸ್ಟಿಕ್ ಗ್ರೇಡ್ ಅಂತಿಮವಾಗಿರಲೇಬೇಕು. 150 ಮಿ.ಮೀ. ಉದ್ದದ ಪಾಲಿಕಾರ್ಬೊನೇಟ್ ಡಬ್ಬಿ 0.6 ಶೇಕಡಾದಂತೆ 0.9 ಮಿ.ಮೀ. ಕುಗ್ಗುತ್ತೆ. ಪಾಲಿಪ್ರೊಪಿಲೀನ್ 1.5 ಶೇಕಡಾ ಅಂತ ಹಿಡಿದರೂ 2.25 ಮಿ.ಮೀ. ಕುಗ್ಗುತ್ತೆ. ಒಂದಕ್ಕೆ ಕೊರೆದ ಮೋಲ್ಡಿನಲ್ಲಿ ಇನ್ನೊಂದನ್ನು ಹಾಕಿದರೆ ಮುಚ್ಚಳದ ತೂತು ಬಾಸಿಗೆ ಕೂರಲ್ಲ.

ಬಿಗಿ ಸಡಿಲ ಅನುಮಾನ ಇರುವ ಕಡೆ ‘ಸ್ಟೀಲ್ ಸೇಫ್’ ಇಡಿ ಅನ್ನಿ. ಉಕ್ಕು ಜಾಸ್ತಿ ಬಿಟ್ಟರೆ ಆಮೇಲೆ ಕೊರೆದು ತೆಗೆಯಬಹುದು. ಕೊರೆದುಬಿಟ್ಟ ಉಕ್ಕನ್ನು ಸೇರಿಸಲು ವೆಲ್ಡಿಂಗೇ ಗತಿ. ಮೋಲ್ಡ್ ಯಾರ ಸ್ವತ್ತು, ಬೇರೆ ಕಡೆ ಒಯ್ಯಬಹುದೇ ಎಂಬುದನ್ನು ಪರ್ಚೇಸ್ ಆರ್ಡರಿನಲ್ಲಿ ಬರೆಸಿ.

ಹೆಜ್ಜೆ 8: ಟ್ರಯಲ್ ದಿನ ಮಷೀನ್ ಪಕ್ಕ ನಿಲ್ಲಿ

ಮೊದಲ ಡಬ್ಬಿ ಬಂದ ತಕ್ಷಣ ಎಲ್ಲರೂ ಮೇಲ್ಮೈ ನೋಡುತ್ತಾರೆ. ನೀವು ಮಷೀನಿಗೆ ಪ್ಲಾಸ್ಟಿಕ್ ಕಾಳು ಸುರಿಯುವ ಹಾಪರ್ ನೋಡಿ. ಪಾಲಿಕಾರ್ಬೊನೇಟ್ ಕಾಳುಗಳನ್ನು 120 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಒಣಗಿಸಿದ್ದಾರಾ ಅಂತ ಕೇಳಿ. ತೇವ ಉಳಿದಿದ್ದರೆ 300 ಡಿಗ್ರಿ ಆಸುಪಾಸಿನಲ್ಲಿ ಕರಗುವಾಗ ಆ ನೀರು ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳನ್ನೇ ಕತ್ತರಿಸುತ್ತೆ. ಡಬ್ಬಿಯ ಮೇಲೆ ಬೆಳ್ಳಿ ಬಣ್ಣದ ಗೆರೆ ಕಾಣಬಹುದು, ಕೆಲವೊಮ್ಮೆ ಏನೂ ಕಾಣದೆಯೂ ಡಬ್ಬಿ ಪೆಡಸಾಗಿರುತ್ತೆ.

ಮೋಲ್ಡ್ ಬಿಸಿಯೂ ಮುಖ್ಯ. ಬೇಗ ಬೇಗ ಡಬ್ಬಿ ತೆಗೆಯಲು ತಣ್ಣೀರು ಹರಿಸುವ ಆಸೆ ಎಲ್ಲರಿಗೂ ಇರುತ್ತೆ. ಪಾಲಿಕಾರ್ಬೊನೇಟ್‌ಗೆ ಮೋಲ್ಡ್ 80 ಡಿಗ್ರಿಗಿಂತ ಮೇಲಿರಬೇಕು. ತಣ್ಣಗಿದ್ದರೆ ಒಳಗೆ ಒತ್ತಡ ಉಳಿದು, ತಿಂಗಳುಗಳ ಮೇಲೆ ಬಾಸ್ ಸೀಳುತ್ತೆ. ಪುಡಿ ಮಾಡಿ ಮರುಬಳಸುವ ಸ್ಕ್ರ್ಯಾಪ್ ಎಷ್ಟು ಸೇರಿಸಬಹುದು ಅಂತ ಡ್ರಾಯಿಂಗಿನಲ್ಲೇ ಬರೆಯಿರಿ. ಈ ಡಬ್ಬಿಗೆ ‘ಬೇಡವೇ ಬೇಡ’ ಅಂತ ಬರೆಯೋದು ನನ್ನ ಸಲಹೆ.

ಹೆಜ್ಜೆ 9: ಜೋಡಣೆ ಮತ್ತು ಪರೀಕ್ಷೆ

ಸ್ಕ್ರೂ ಸಡಿಲವಾಗದಿರಲಿ ಅಂತ ಹಾಕುವ ಥ್ರೆಡ್‌ಲಾಕರ್ ದ್ರವ ಪಾಲಿಕಾರ್ಬೊನೇಟ್ ಹತ್ತಿರಕ್ಕೂ ಬರಬಾರದು. ಬಿಗಿದ ಬಾಸಿಗೆ ಒಂದು ಹನಿ ತಾಗಿದರೂ ಕೂದಲೆಳೆಯ ಬಿರುಕು ಹಬ್ಬುತ್ತೆ. ಥಿನ್ನರ್, ಪೆಟ್ರೋಲಿನಿಂದ ಒರೆಸುವುದೂ ಅಷ್ಟೇ ಕೆಟ್ಟದ್ದು. ಸ್ಟಿಕರ್ ಅಂಟಿಸುವ ಮುಂಚೆ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಕೊಡಿ. ಅಸೆಂಬ್ಲಿ ಮೇಜಿನ ಮೇಲೆ ಬೇರೆ ಯಾವ ಬಾಟಲಿಯೂ ಇರದಂತೆ ನೋಡಿಕೊಳ್ಳಿ.

ನೀರಿನ ಪರೀಕ್ಷೆಯನ್ನು ಲ್ಯಾಬಿಗೆ ಕಳಿಸುವ ಮುಂಚೆ ನೀವೇ ಮಾಡಿ. ಒಳಗೆ ಟಿಶ್ಯೂ ಕಾಗದ ಇಟ್ಟು ಡಬ್ಬಿ ಮುಚ್ಚಿ. ಒವನ್‌ನಲ್ಲಿ 65 ಡಿಗ್ರಿಗೆ ಒಂದು ಗಂಟೆ ಕಾಯಿಸಿ, ತೆಗೆದ ಕೂಡಲೇ ಪೈಪಿನಿಂದ ತಣ್ಣೀರು ಹೊಡೆಯಿರಿ. ತಣ್ಣಗಿರುವ ಡಬ್ಬಿಗೆ ನೀರು ಹೊಡೆದರೆ ಎಲ್ಲವೂ ಪಾಸಾಗುತ್ತೆ, ಹೊಲದಲ್ಲಿ ನಡೆಯೋದು ಬಿಸಿ ಡಬ್ಬಿಯ ಮೇಲಿನ ಮಳೆ. ಟಿಶ್ಯೂ ಒದ್ದೆಯಾಗಿದ್ದರೆ ಅದು ಯಾವ ಮೂಲೆಯಲ್ಲಿ ಅಂತ ಗುರುತು ಹಾಕಿ. ನೀರು ಬಂದ ದಾರಿ ಅದರ ನೇರಕ್ಕೇ ಇರುತ್ತೆ. ವೆಂಟ್ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಮಾಡಿ ನೋಡಿ.

ಆಮೇಲೆ ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಮೂಲೆ ಕೆಳಗಾಗಿ ಬೀಳಿಸಿ, ಅದೇ ಡಬ್ಬಿಗೆ ಮತ್ತೆ ನೀರು ಹೊಡೆಯಿರಿ. ಬೆಂಕಿ, ಐಪಿ ಪರೀಕ್ಷೆಯ ಸರ್ಟಿಫಿಕೇಟಿಗೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಹೋಗಿ. ಪ್ಲಾಸ್ಟಿಕ್ ಗ್ರೇಡ್ ಬಗ್ಗೆಯೇ ಅನುಮಾನ ಬಂದರೆ ಪ್ಲಾಸ್ಟಿಕ್ ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆ, ಮೈಸೂರಿನ ಸಿಪೆಟ್ ಇದೆ.

ಪಾಸಾದ ಬ್ಯಾಚಿನಿಂದ ಐದಾರು ಡಬ್ಬಿ ತೆಗೆದಿಡಿ. ಮೇಲೆ ದಿನಾಂಕ, ಗ್ರೇಡ್, ಮಷೀನಿನ ಸೆಟ್ಟಿಂಗ್ ಬರೆದು ಸಹಿ ಹಾಕಿ. ಒಂದು ಮೋಲ್ಡರ್ ಹತ್ತಿರ ಇರಲಿ, ಎರಡು ನಿಮ್ಮ ಕಪಾಟಿನಲ್ಲಿ, ಉಳಿದವನ್ನು ಆಫೀಸಿನ ತಾರಸಿಯ ಮೇಲೆ ಬಿಸಿಲಿಗೆ ಕಟ್ಟಿಬಿಡಿ. ಮುಂದಿನ ಬ್ಯಾಚ್ ಬಂದಾಗ ಹೊಸ ಡಬ್ಬಿಯನ್ನು ಕಪಾಟಿನದರ ಪಕ್ಕ ಇಟ್ಟು ತೂಕ ಹಾಕಿ, ಅಳತೆ ಹೋಲಿಸಿ, ಸಹಿ ಮಾಡಿದ ಮೇಲೆಯೇ ಗೋಡೌನಿಗೆ ಇಳಿಸಿ.